ಸಣ್ಣ ವಿಮಾನದ ವಿಮೆಗೆ ಬ್ರೋಕರ್ ಹಿಡಿಯುವ ಮುನ್ನ

ಅಮೆರಿಕದಲ್ಲಿ ಸ್ವಂತಕ್ಕೊಂದು ಸೆಸ್ನಾ 172 ಅಥವಾ ಪೈಪರ್ ಚೆರೋಕಿ ಕೊಳ್ಳಲು ಹೊರಟವರು ವಿಮೆಯ ವಿಷಯಕ್ಕೆ ಬಂದಾಗ ಕಾರಿನ ಅಭ್ಯಾಸವನ್ನೇ ಇಲ್ಲಿಗೂ ತರುತ್ತಾರೆ: ನಾಲ್ಕು ಕಡೆ ದರ ಕೇಳುವುದು, ಕಡಿಮೆ ಹೇಳಿದವರನ್ನು ಹಿಡಿಯುವುದು. ವಿಮಾನದ ಮಟ್ಟಿಗೆ ಈ ಜಾಣತನ ಕೈಕೊಡುತ್ತದೆ.

ಕಾರಣವಿದೆ. ಸಣ್ಣ ವಿಮಾನಗಳಿಗೆ ವಿಮೆ ಕೊಡುವ ಕಂಪನಿಗಳು ಹೆಚ್ಚಿಲ್ಲ. ಅವೆಮ್ಕೊ ನೇರವಾಗಿ ಮಾಲೀಕರಿಗೇ ಮಾರುತ್ತದೆ. ಗ್ಲೋಬಲ್ ಏರೋಸ್ಪೇಸ್, ಯುಎಸ್‌ಎಐಜಿ, ಓಲ್ಡ್ ರಿಪಬ್ಲಿಕ್‌ನಂಥವು ಬ್ರೋಕರ್ ಮೂಲಕವೇ. ನಿಮ್ಮ ಹೆಸರು ಮತ್ತು ವಿಮಾನದ ಎನ್-ನಂಬರ್ (ನೋಂದಣಿ ಸಂಖ್ಯೆ) ಇಟ್ಟು ಮೊದಲು ಅರ್ಜಿ ಕಳಿಸಿದ ಬ್ರೋಕರ್‌ಗೆ ಮಾತ್ರ ಕಂಪನಿ ಕೋಟ್, ಅಂದರೆ ತನ್ನ ದರ, ಕೊಡುತ್ತದೆ. ಆಮೇಲೆ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ. ಮೂವರು ಬ್ರೋಕರ್‌ಗಳಿಗೆ ಹೇಳಿದರೆ ಒಬ್ಬೊಬ್ಬರ ಕೈಗೆ ಒಂದೆರಡು ಕಂಪನಿ ಸಿಕ್ಕಿ, ಎಲ್ಲ ಕೋಟ್‌ಗಳನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಯಾರಿಗೂ ಉಳಿಯುವುದಿಲ್ಲ. ಬ್ರೋಕರ್ ಕಮಿಷನ್ ಪ್ರೀಮಿಯಂನಲ್ಲೇ ಸೇರಿರುವುದರಿಂದ, ಒಂದೇ ಕಂಪನಿಯ ದರ ಬ್ರೋಕರ್ ಬದಲಾದ ಮಾತ್ರಕ್ಕೆ ಇಳಿಯುವುದೂ ಇಲ್ಲ. ಈಗಾಗಲೇ ಇಂಥ ಗೋಜಲಾಗಿದ್ದರೆ, ಇನ್ನು ಮುಂದೆ ಇವರೇ ನನ್ನ ಬ್ರೋಕರ್ ಎಂದು ಕಂಪನಿಗೆ ತಿಳಿಸುವ 'ಬ್ರೋಕರ್ ಆಫ್ ರೆಕಾರ್ಡ್' ಪತ್ರಕ್ಕೆ, ನಿಮಗೆ ಬೇಕಾದವರ ಹೆಸರಿಗೆ, ಸಹಿ ಮಾಡಿ ಕೊಡಿ. ಹಳೆಯ ಬ್ರೋಕರ್‌ಗೆ ಪ್ರತಿಕ್ರಿಯಿಸಲು ಸಾಮಾನ್ಯವಾಗಿ ಕೆಲವು ದಿನ ಬಿಡುತ್ತಾರೆ, ಆಮೇಲೆ ಫೈಲು ಹೊಸಬರಿಗೆ ಹೋಗುತ್ತದೆ.

ಹಾಗಾಗಿ ಮೊದಲು ಆರಿಸಬೇಕಾದದ್ದು ಬ್ರೋಕರನ್ನು, ದರ ಆಮೇಲೆ. ಫೋನಿನಲ್ಲಿ ಮಾತಾಡುವಾಗ ಎನ್-ನಂಬರ್ ಕೊಡಬೇಡಿ. ಯಾವ ಯಾವ ಕಂಪನಿಗಳ ಜೊತೆ ನಿಮಗೆ ನೇರ ವ್ಯವಹಾರವಿದೆ, ಯಾವುದರ ಜೊತೆ ಇಲ್ಲ ಎಂದು ಕೇಳಿ. ಮನೆ-ಕಾರು ವಿಮೆ ಮಾರುವ ಏಜೆಂಟರು ಕೆಲವರು ವಿಮಾನದ ಕೆಲಸವನ್ನು ಏಜೆಂಟರಿಗೂ ಕಂಪನಿಗೂ ನಡುವೆ ನಿಲ್ಲುವ ಇನ್ನೊಬ್ಬ ಸಗಟು ಬ್ರೋಕರ್‌ಗೆ ದಾಟಿಸುತ್ತಾರೆ. ಕ್ಲೇಮ್ ಬಂದ ದಿನ ಪ್ರತಿ ಪ್ರಶ್ನೆಯೂ ಎರಡು ಕೈ ದಾಟಿ ಹೋಗಬೇಕಾಗುತ್ತದೆ. ನಿಮ್ಮ ರಾಜ್ಯದ ವಿಮಾ ಇಲಾಖೆಯ ತಾಣದಲ್ಲಿ ಅವರ ಲೈಸೆನ್ಸನ್ನೂ ಒಮ್ಮೆ ಹುಡುಕಿ ನೋಡಿ.

ಆದರೆ ಬ್ರೋಕರ್ ಹೇಳುವುದಕ್ಕಿಂತ ನಿಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಗುಟ್ಟಿದೆ. ನಿಮ್ಮ ಒಟ್ಟು ಹಾರಾಟದ ಗಂಟೆಗಳು, ಕಳೆದ 12 ತಿಂಗಳಲ್ಲಿ ಹಾರಿಸಿದ್ದು, ಇದೇ ಮಾದರಿಯಲ್ಲಿ ಹಾರಿಸಿದ್ದು, ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣ ನೋಡಿಯೇ ಹಾರಿಸುವ ಅರ್ಹತೆ), ಮೆಡಿಕಲ್ (ಪೈಲಟ್‌ನ ಆರೋಗ್ಯ ಪ್ರಮಾಣಪತ್ರ), ಹಳೆಯ ಅಪಘಾತ, ವಿಮಾನ ಹ್ಯಾಂಗರಿನಲ್ಲೋ ಬಯಲಲ್ಲೋ: ಇವನ್ನು ಕೇಳದೆ ಐದು ನಿಮಿಷದಲ್ಲಿ ಮೊತ್ತ ಹೇಳಿದರೆ ಆ ಮೊತ್ತವನ್ನು ನಂಬಬೇಡಿ.

ಇನ್ನು ಮೂರು ವಿಷಯಗಳಲ್ಲಿ ಅವರನ್ನು ಕೆಣಕಿ.

ಒಂದು, ಲಯಬಿಲಿಟಿ, ಅಂದರೆ ನಿಮ್ಮ ವಿಮಾನದಿಂದ ಬೇರೆಯವರಿಗಾದ ಹಾನಿಗೆ ವಿಮೆ. '10 ಲಕ್ಷ ಡಾಲರ್' ಎಂದು ದೊಡ್ಡದಾಗಿ ಬರೆದಿದ್ದರ ಕೆಳಗೆ ಪ್ರತಿ ಪ್ರಯಾಣಿಕರಿಗೆ 1 ಲಕ್ಷ ಎಂಬ ಒಳಮಿತಿ ಇರುವುದೇ ಹೆಚ್ಚು. ಅಲ್ಲಿ 'ಪ್ರಯಾಣಿಕ' ಎಂದಿದೆಯೋ 'ವ್ಯಕ್ತಿ' ಎಂದಿದೆಯೋ ನೋಡಿ. 'ವ್ಯಕ್ತಿ' ಎಂದಿದ್ದರೆ ನೆಲದ ಮೇಲೆ ಗಾಯಗೊಂಡವರಿಗೂ ಅದೇ 1 ಲಕ್ಷದ ಮಿತಿ. ಒಳಮಿತಿಯೇ ಇಲ್ಲದ 'ಸ್ಮೂತ್' ಪಾಲಿಸಿಯೂ ಉಂಟು. ದುಬಾರಿ, ಕಡಿಮೆ ಗಂಟೆಯವರಿಗೆ ಸಿಗುವುದು ಕಷ್ಟ. ಒಳ್ಳೆಯ ಬ್ರೋಕರ್ ಇದನ್ನು ಕೇಳದೆಯೇ ಹೇಳುತ್ತಾರೆ.

ಎರಡು, ಹಲ್, ಅಂದರೆ ವಿಮಾನದ್ದೇ ವಿಮೆ. ಇಲ್ಲಿ ಮೊದಲೇ ಒಪ್ಪಿದ ಬೆಲೆಯೇ ಲೆಕ್ಕ. 1,20,000 ಡಾಲರ್ ಬಾಳುವ ವಿಮಾನಕ್ಕೆ ಪ್ರೀಮಿಯಂ ಉಳಿಸಲು 80,000 ಎಂದು ಬರೆಸಿದಿರಿ ಎನ್ನಿ. ರಿಪೇರಿಗೆ 65,000 ಬಂದರೂ ಕಂಪನಿ ಅದನ್ನು ಪೂರ್ತಿ ನಷ್ಟವೆಂದು ಘೋಷಿಸಿ, ನಿಮಗೆ 80,000 ಕೊಟ್ಟು, ವಿಮಾನವನ್ನು ತಾನೇ ಒಯ್ದು ಮಾರಬಹುದು. ಹೆಚ್ಚು ಬರೆಸಿದರೂ ತೊಂದರೆಯೇ: ಬಿಟ್ಟುಬಿಡಬೇಕಾದ ವಿಮಾನವನ್ನು ಕಂಪನಿ ತಿಂಗಳುಗಟ್ಟಲೆ ರಿಪೇರಿ ಮಾಡಿಸಿ ನಿಮಗೇ ಹಿಂತಿರುಗಿಸುತ್ತದೆ. ಮಾರುಕಟ್ಟೆ ಬೆಲೆಯನ್ನು ಪ್ರತಿ ವರ್ಷ ನೆನಪಿಸುವ ಬ್ರೋಕರ್ ಬೇಕು.

ಮೂರು, ಪೈಲಟ್ ಷರತ್ತು. ಕ್ಲೇಮ್‌ಗಳು ಎಡವುವ ಜಾಗ ಇದು. ಪಾಲಿಸಿಯಲ್ಲಿ ಹೆಸರಿಲ್ಲದ ಯಾವ ಪೈಲಟ್ ಹಾರಿಸಬಹುದು ಎನ್ನುವ 'ಓಪನ್ ಪೈಲಟ್' ಷರತ್ತಿನಲ್ಲಿ, ಉದಾಹರಣೆಗೆ, ಪ್ರೈವೇಟ್ ಲೈಸೆನ್ಸ್, ಒಟ್ಟು 500 ಗಂಟೆ, ಇದೇ ಮಾದರಿಯಲ್ಲಿ 25 ಗಂಟೆ ಎಂದಿರುತ್ತದೆ. ಅಷ್ಟು ಗಂಟೆಯಿರುವ ಗೆಳೆಯರಿಗೆ ವಿಮಾನ ಕೊಟ್ಟರೆ ನಿಮ್ಮ ರಕ್ಷಣೆಗೆ ಧಕ್ಕೆಯಿಲ್ಲ. ಆದರೆ ಹಲವು ಪಾಲಿಸಿಗಳು ಆ ಗೆಳೆಯರನ್ನು ರಕ್ಷಿಸುವುದಿಲ್ಲ: ಕಂಪನಿ ನಿಮಗೆ ಹಣ ಕೊಟ್ಟು, ಅದನ್ನು ಅವರಿಂದ ವಸೂಲಿಗೆ ಹೋಗಬಹುದು. ಕಲಿಸುವ ಇನ್‌ಸ್ಟ್ರಕ್ಟರ್‌ಗೂ ಇದೇ ಪಾಡು; ಅವರ ಮೇಲೆ ವಸೂಲಿಯ ಹಕ್ಕನ್ನು ಬಿಟ್ಟುಕೊಡುವ ಒಕ್ಕಣೆ ಬೇಕೆಂದು ಬ್ರೋಕರ್‌ಗೆ ಹೇಳಿ. ವಾರ್ಷಿಕ ತಪಾಸಣೆ, ಮೆಡಿಕಲ್, ಪೈಲಟ್ 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಮಾಡಬೇಕಾದ ಫ್ಲೈಟ್ ರಿವ್ಯೂ ಅವಧಿ ಮೀರಿದ್ದಾಗ ಪಾಲಿಸಿ ಏನಾಗುತ್ತದೆ ಎಂಬುದಕ್ಕೆ ಇಮೇಲಿನಲ್ಲೇ ಉತ್ತರ ಪಡೆಯಿರಿ. ಬಾಯಿಮಾತು ಸಾಲದು.

ಹೊಸದಾಗಿ ಕೊಳ್ಳುವವರಿಗೆ ಇನ್ನೊಂದು ತೊಡಕು. ಮುಂಗಡ ಕೊಡುವ ಮೊದಲೇ ಬ್ರೋಕರ್ ಜೊತೆ ಮಾತಾಡಿ. ಒಂಟಿಯಾಗಿ ಹಾರಿಸುವ ಮುನ್ನ ಇನ್‌ಸ್ಟ್ರಕ್ಟರ್ ಜೊತೆ 10 ಗಂಟೆ ಹಾರಬೇಕು ಎಂಬಂಥ ಷರತ್ತು ಬಿದ್ದರೆ, ಮಾರಿದವರ ಊರಿನಿಂದ ವಿಮಾನವನ್ನು ಮನೆಗೆ ತರುವವರು ಯಾರು? ಆ ಪೈಲಟ್‌ನ ಹೆಸರು ಪಾಲಿಸಿಯಲ್ಲಿ ಸೇರಿ, ಬೈಂಡರ್ (ಪಾಲಿಸಿ ಬರುವ ತನಕ ವಿಮೆ ಜಾರಿಯಲ್ಲಿದೆ ಎನ್ನುವ ತಾತ್ಕಾಲಿಕ ಪತ್ರ) ಕೈಗೆ ಬಂದ ಮೇಲೆಯೇ ಎಂಜಿನ್ ಚಾಲೂ ಆಗಲಿ. ನವೀಕರಣಕ್ಕಾದರೆ 30ರಿಂದ 45 ದಿನ ಮೊದಲು ಹೊಸ ಗಂಟೆಗಳ ಲೆಕ್ಕ ಕಳಿಸಿ.

ಕೋಟ್‌ಗಳು ಬಂದಾಗ ಅಗ್ಗದ್ದೊಂದನ್ನೇ ತೋರಿಸಿದರೆ ಒಪ್ಪಬೇಡಿ. ಯಾವ ಕಂಪನಿ ಎಷ್ಟು ಹೇಳಿತು, ಯಾವುದು ಬೇಡವೆಂದಿತು, ಏಕೆ, ಯಾವುದು ಉತ್ತರಿಸಲೇ ಇಲ್ಲ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ. ಅದನ್ನು ಕೊಡಲು ಹಿಂಜರಿಯುವವರನ್ನು ಮುಂದಿನ ವರ್ಷ ಬದಲಿಸಿ.