ಸೈಟು ಕೊಳ್ಳುವ ಮುನ್ನ ತೆರಿಗೆಯ ಲೆಕ್ಕ ಹೀಗೆ ಹಾಕಿ

ಮಾರುವವರು ಹೇಳುವ ಬೆಲೆ ಒಂದು, ಸರ್ಕಾರ ಒಪ್ಪುವ ಬೆಲೆ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆಯೇ ಮುದ್ರಾಂಕ ಶುಲ್ಕ. ಆದ್ದರಿಂದ ಮುಂಗಡ ಕೊಡುವ ಮೊದಲೇ ಆ ಜಾಗದ ಮಾರ್ಗಸೂಚಿ ದರವನ್ನು, ಅಂದರೆ ಸರ್ಕಾರ ಗೊತ್ತುಮಾಡಿದ ಬೆಲೆಯನ್ನು, ನೋಡಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅದು ಸಿಗುತ್ತದೆ.

ಕರ್ನಾಟಕದ ನಗರವೊಂದರಲ್ಲಿ 60 ಲಕ್ಷ ರೂಪಾಯಿಗೆ ನಿವೇಶನದ ಮಾತುಕತೆ ಆಗಿದೆ, ಮಾರ್ಗಸೂಚಿ ಮೌಲ್ಯ 70 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3.5 ಲಕ್ಷ. ಆ ಶುಲ್ಕದ ಮೇಲೆ ಮತ್ತೆ ಶೇ 10 ಉಪಕರ (35,000), ಶೇ 2 ಸರ್‌ಚಾರ್ಜ್ (7,000). ಗ್ರಾಮೀಣ ಪ್ರದೇಶವಾದರೆ ಸರ್‌ಚಾರ್ಜ್ ಶೇ 3. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯವರೆಗೆ ಶೇ 1 ಇತ್ತು. ಈಗ ಶೇ 2, ಅಂದರೆ 1.4 ಲಕ್ಷ. ಒಟ್ಟು 5,32,000 ರೂಪಾಯಿ. ಬ್ಯಾಂಕುಗಳು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ; ಕೈಯಿಂದಲೇ ಹೊಂದಿಸಬೇಕು.

ನಂತರ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತ. ಕೃಷಿ ಜಮೀನು ಬಿಟ್ಟು ಉಳಿದ ಆಸ್ತಿಯ ಮೌಲ್ಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕೊಳ್ಳುವವರು ಶೇ 1ರಷ್ಟನ್ನು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಇಲ್ಲೂ ಹೆಚ್ಚಿನ ಮೌಲ್ಯವೇ ಲೆಕ್ಕಕ್ಕೆ, ಹಾಗಾಗಿ 70,000 ರೂಪಾಯಿ. ಇದು ನಿಮ್ಮ ಖರ್ಚಲ್ಲ, ಮಾರುವವರ ಹಣದಲ್ಲೇ ಕಡಿತ. ಆದರೆ ಕಟ್ಟದಿದ್ದರೆ ದಂಡ ನಿಮ್ಮ ತಲೆಗೆ. ಹಿಡಿದ ತಿಂಗಳು ಮುಗಿದ 30 ದಿನಗಳೊಳಗೆ ಆದಾಯ ತೆರಿಗೆ ಜಾಲತಾಣದಲ್ಲಿ ಪಾವತಿಸಿ. ಮಾರುವವರ ಪ್ಯಾನ್ ಚಾಲ್ತಿಯಲ್ಲಿದೆಯೇ ಎಂದು ಮೊದಲೇ ನೋಡಿ, ಇಲ್ಲವಾದರೆ ದರ ಶೇ 20ಕ್ಕೆ ಏರುತ್ತದೆ. ಮಾರುವವರು ಅನಿವಾಸಿ ಭಾರತೀಯರಾದರೆ ನಿಯಮವೇ ಬೇರೆ, ಲೆಕ್ಕ ಪರಿಶೋಧಕರನ್ನು ಕಾಣದೆ ಹಣ ಕೊಡಬೇಡಿ.

ಹೆಚ್ಚಿನವರ ಗಮನಕ್ಕೆ ಬಾರದ ತೆರಿಗೆ ಇನ್ನೊಂದಿದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇದನ್ನು ಎರಡು ಸಲ ಓದಬೇಕು. ಮಾರ್ಗಸೂಚಿ ಮೌಲ್ಯವು ಖರೀದಿ ಬೆಲೆಗಿಂತ ಶೇ 10ಕ್ಕೂ ಮೀರಿ, 50,000 ರೂಪಾಯಿಗೂ ಮೀರಿ ಹೆಚ್ಚಿದ್ದರೆ, ಇಡೀ ವ್ಯತ್ಯಾಸವನ್ನು ಕೊಂಡವರ ಆದಾಯವೆಂದೇ ಎಣಿಸಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ 60 ಲಕ್ಷದ ಶೇ 10 ಎಂದರೆ 6 ಲಕ್ಷ. ವ್ಯತ್ಯಾಸ 10 ಲಕ್ಷ. ಕೈಗೆ ಒಂದು ರೂಪಾಯಿ ಬಾರದಿದ್ದರೂ ಆ 10 ಲಕ್ಷಕ್ಕೆ ನಿಮ್ಮ ಹಂತದ ದರದಲ್ಲಿ ತೆರಿಗೆ ಕಟ್ಟಬೇಕು. ಬೆಲೆ 64 ಲಕ್ಷವಾಗಿದ್ದರೆ ಈ ಗೋಜೇ ಇರುತ್ತಿರಲಿಲ್ಲ.

ನಿವೇಶನಕ್ಕೆ ಜಿಎಸ್‌ಟಿ ಇಲ್ಲ, ಹಳೆಯ ಮನೆಗೂ ಇಲ್ಲ. ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಶೇ 5. ಕೈಗೆಟಕುವ ದರದ ವರ್ಗಕ್ಕೆ ಸೇರಿದರೆ ಶೇ 1. ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಅದೂ ಇಲ್ಲ. ಆದರೆ ಪ್ರಮಾಣಪತ್ರಕ್ಕೆ ಮೊದಲೇ ಮುಂಗಡ ಕೊಟ್ಟಿದ್ದರೆ ವಿನಾಯಿತಿ ಸಿಗುವುದಿಲ್ಲ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಮನೆ ಕೊಂಡ ವರ್ಷ ಮುದ್ರಾಂಕ, ನೋಂದಣಿ ಶುಲ್ಕಗಳನ್ನು 1.5 ಲಕ್ಷದ ಮಿತಿಯೊಳಗೆ ಕಡಿತಕ್ಕೆ ತೋರಿಸಬಹುದು. ಖಾಲಿ ನಿವೇಶನಕ್ಕೆ ಆ ಅವಕಾಶವಿಲ್ಲ.