ಬೀಜ ಸೋಸದೆ ತಿನ್ನಿ: ಹೃದಯದ ಹಿತಕ್ಕೆ ಪ್ಯಾಶನ್ ಫ್ರೂಟ್ ಬಳಸುವ ಬಗೆ

ದ್ರಾಕ್ಷಿ, ಸೀಬೆ, ಮಾವುಗಳಿಗೆ ಹೆಸರಾದ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಪ್ಯಾಶನ್ ಫ್ರೂಟ್ ಇನ್ನೂ ನೆಂಟರ ಹಣ್ಣೇ. ಕೊಡಗಿನವರು, ಮಲೆನಾಡಿನವರು ಶರಬತ್ತು ಹಣ್ಣು, ಜ್ಯೂಸ್ ಹಣ್ಣು ಎಂದು ಕರೆಯುವ ಇದನ್ನು ನಮ್ಮವರು ಕೊಂಡು ತಂದಾಗಲೂ ಮಾಡುವುದು ಶರಬತ್ತನ್ನೇ. ತಿರುಳನ್ನು ಜಾಲರಿಗೆ ಸುರಿದು, ಚಮಚದ ಬೆನ್ನಿನಿಂದ ಉಜ್ಜಿ, ಇಳಿದ ರಸಕ್ಕೆ ನೀರು, ನಾಲ್ಕು ಚಮಚ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ ಕಲಕುತ್ತಾರೆ. ಜಾಲರಿಯಲ್ಲಿ ಉಳಿದ ಕಪ್ಪು ಬೀಜಗಳು ಹೂವಿನ ಗಿಡದ ಬುಡಕ್ಕೆ ಹೋಗುತ್ತವೆ. ನಮ್ಮ ಮನೆಯಲ್ಲೂ ಬಹುಕಾಲ ಹೀಗೆಯೇ ನಡೆಯಿತು. ಹೃದಯಕ್ಕೆ ಒಳ್ಳೆಯದೆಂದು ಕೇಳಿ ತಂದ ಹಣ್ಣಿನಲ್ಲಿ ಯಾವುದು ಒಳ್ಳೆಯದೋ ಅದನ್ನೇ ಗಿಡಕ್ಕೆ ಹಾಕಿ, ಬೇಡದ ಸಕ್ಕರೆ ಮತ್ತು ಉಪ್ಪನ್ನು ನಾವು ಕುಡಿಯುತ್ತಿದ್ದೆವು.

ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೀಜಸಹಿತವಾದ 100 ಗ್ರಾಂ ನೇರಳೆ ಪ್ಯಾಶನ್ ಫ್ರೂಟ್ ತಿರುಳಿನಲ್ಲಿ ಸುಮಾರು 10 ಗ್ರಾಂ ನಾರಿನಂಶ, 350 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ, 30 ಮಿಲಿಗ್ರಾಂ ಸಿ ಜೀವಸತ್ವ, 11 ಗ್ರಾಂ ಸಕ್ಕರೆ ಇರುತ್ತವೆ. ಸೋಡಿಯಂ 30 ಮಿಲಿಗ್ರಾಂ ಕೂಡ ಮೀರುವುದಿಲ್ಲ. ಅಷ್ಟೇ ತೂಕದ ಸೋಸಿದ ರಸದಲ್ಲಿ ಪೊಟ್ಯಾಸಿಯಂ ಬಹುಪಾಲು ಉಳಿದುಕೊಂಡರೂ ನಾರಿನಂಶ ಕಾಲು ಗ್ರಾಮಿಗಿಂತ ಕೆಳಗಿಳಿಯುತ್ತದೆ. ಬೀಜದಲ್ಲಿ ನಾರಿನ ಜೊತೆಗೆ ಪೈಸಿಯಾಟನಾಲ್ ಎಂಬ ಪಾಲಿಫಿನಾಲ್ (ಸಸ್ಯಗಳಲ್ಲಿ ಸಹಜವಾಗಿ ಇರುವ ಒಂದು ಬಗೆಯ ರಾಸಾಯನಿಕ) ಕೂಡ ಇದೆ. ಇದು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್‌ಗೆ ಹತ್ತಿರದ ಬಂಧು.

ನಾರಿನಂಶಕ್ಕೂ ಹೃದಯಕ್ಕೂ ಇರುವ ನಂಟು ಕರುಳಿನಲ್ಲಿ ಕುದುರುತ್ತದೆ. ಕೊಬ್ಬನ್ನು ಜೀರ್ಣಿಸಲು ಲಿವರ್ ಪಿತ್ತರಸವನ್ನು ಹರಿಸುತ್ತದೆ. ಕೆಲಸ ಮುಗಿದ ಮೇಲೆ ಅದರ ಹೆಚ್ಚಿನ ಪಾಲು ಕರುಳಿನಿಂದ ಮತ್ತೆ ಹೀರಲ್ಪಟ್ಟು ಲಿವರ್ ಸೇರುತ್ತದೆ. ನೀರಿನಲ್ಲಿ ಕರಗುವ ನಾರು ಆ ಪಿತ್ತರಸದ ಆಮ್ಲಗಳಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಂಡು ಮಲದೊಡನೆ ಹೊರಹಾಕುವುದರಿಂದ, ಹೊಸ ಪಿತ್ತರಸ ತಯಾರಿಸಲು ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಪ್ಯಾಶನ್ ಫ್ರೂಟ್‌ನ ಬೀಜದಲ್ಲಿರುವುದು ಹೆಚ್ಚಾಗಿ ಕರಗದ ನಾರು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಹೊಟ್ಟೆ ತುಂಬಿಸುತ್ತದೆ, ಮಲಬದ್ಧತೆಯನ್ನು ತಡೆಯುತ್ತದೆ. ಎರಡೂ ಬಗೆಯ ನಾರು ಒಟ್ಟಾಗಿ ದಿನಕ್ಕೆ 25 ಗ್ರಾಮಿಗೆ ಕಡಿಮೆಯಾಗದಂತೆ ಸೇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪೊಟ್ಯಾಸಿಯಂ ವಿಷಯದಲ್ಲಿ ಮಾತ್ರ ಈ ಹಣ್ಣನ್ನು ಅತಿಯಾಗಿ ಹೊಗಳುವಂತಿಲ್ಲ. ಮೂತ್ರಪಿಂಡಗಳು ಹೆಚ್ಚಿನ ಸೋಡಿಯಮನ್ನು ಹೊರಹಾಕಲು, ರಕ್ತನಾಳಗಳ ಬಿಗಿ ಸಡಿಲವಾಗಲು ಪೊಟ್ಯಾಸಿಯಂ ನೆರವಾಗುತ್ತದೆ, ಅದರಿಂದ ರಕ್ತದೊತ್ತಡ ಇಳಿಯುತ್ತದೆ ಎಂಬುದು ನಿಜ. ಆದರೆ ವಯಸ್ಕರಿಗೆ ದಿನಕ್ಕೆ 3,510 ಮಿಲಿಗ್ರಾಂ ಬೇಕು. ಮೂರು ಹಣ್ಣಿನ ತಿರುಳು ಕೊಡುವುದು ಅದರ ಸುಮಾರು ಇಪ್ಪತ್ತರಲ್ಲೊಂದು ಪಾಲು. ತುಮಕೂರಿನ ಒಂದು ಎಳನೀರಿನಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಇನ್ನು ಹಣ್ಣನ್ನು ಆರಿಸುವ ಕ್ರಮ. ನಯವಾಗಿ ಹೊಳೆಯುವ ಹಣ್ಣೇ ಒಳ್ಳೆಯದೆಂದು ಬಗೆದು ಸುಕ್ಕುಗಟ್ಟಿದ್ದನ್ನು ಬದಿಗೆ ಸರಿಸುವವರೇ ಹೆಚ್ಚು. ನೇರಳೆ ಹಣ್ಣಿನ ಮಟ್ಟಿಗೆ ತುಸು ಸುಕ್ಕು ಬಿದ್ದದ್ದೇ ಚೆನ್ನಾಗಿ ಮಾಗಿದ ಗುರುತು. ಅಂಗೈಯಲ್ಲಿಟ್ಟು ತೂಗಿ ನೋಡಿ, ಗಾತ್ರಕ್ಕೆ ಮೀರಿದ ಭಾರವಿದ್ದರೆ ಕೊಳ್ಳಿ. ಹಗುರವಾಗಿದ್ದರೆ ಒಳಗೆ ತಿರುಳು ಒಣಗಿರುತ್ತದೆ. ತೊಟ್ಟಿನ ಬಳಿ ಬೂಷ್ಟು ಕಂಡರೆ, ಹುಳಿತ ವಾಸನೆ ಬಂದರೆ ಬಿಟ್ಟುಬಿಡಿ. ನಯವಾದ ಹಣ್ಣು ಸಿಕ್ಕಿದರೂ ಚಿಂತೆಯಿಲ್ಲ, ಅಡುಗೆಮನೆಯ ಬುಟ್ಟಿಯಲ್ಲಿ ಕೆಲವು ದಿನ ಇಟ್ಟರೆ ಸಿಹಿಯೇರುತ್ತದೆ. ಮಾಗಿದ್ದನ್ನು ಫ್ರಿಜ್ಜಿನಲ್ಲಿ ಸುಮಾರು ಒಂದು ವಾರ ಇಡಬಹುದು.

ಹಣ್ಣನ್ನು ಮೊದಲು ತೊಳೆಯಿರಿ. ಕತ್ತರಿಸುವಾಗ ರಸ ಸೋರುವುದರಿಂದ ಬಟ್ಟಲಿನ ಮೇಲೆ ಹಿಡಿದು, ನಡುವೆ ಸೀಳುವ ಬದಲು ತಲೆಯ ಭಾಗವನ್ನಷ್ಟೇ ಮುಚ್ಚಳದಂತೆ ಕೊಯ್ದು ತೆಗೆಯಿರಿ. ಒಳಗೆ ಹಳದಿ ರಸದ ಪುಟ್ಟ ಚೀಲಗಳಲ್ಲಿ ಕಪ್ಪು ಬೀಜಗಳು ಕಾಣುತ್ತವೆ. ಸಿಪ್ಪೆಯನ್ನೇ ಬಟ್ಟಲಾಗಿಸಿಕೊಂಡು ಚಮಚದಲ್ಲಿ ಎತ್ತಿ, ಬೀಜವನ್ನು ಕಟಕಟನೆ ಅಗಿದು ತಿನ್ನುವುದೇ ಸರಿಯಾದ ಕ್ರಮ. ಅಗಿಯಲು ಬೇಸರವಾದವರು ದಾಳಿಂಬೆಯ ಕಾಳಿನಂತೆ ನುಂಗಿದರೂ ನಾರಿನ ಲಾಭ ತಪ್ಪುವುದಿಲ್ಲ. ಹುಳಿ ತಡೆಯದವರು ಸಪ್ಪೆ ಮೊಸರಿಗೆ ಬೆರೆಸಬಹುದು. ನೀರಿನಲ್ಲಿ ಕಲಸಿದ ರಾಗಿ ಹುರಿಹಿಟ್ಟಿನ ಮೇಲೆ ಎರಡು ಹಣ್ಣಿನ ತಿರುಳು ಸುರಿದುಕೊಂಡರೆ ಬೆಳಗಿನ ಒಳ್ಳೆಯ ಉಪಾಹಾರವಾಗುತ್ತದೆ; ಬೆಲ್ಲವಿಲ್ಲದೆ ಹುರಿಹಿಟ್ಟು ಗಂಟಲಿಗೆ ಇಳಿಯದು ಎನ್ನುವವರೂ ಒಮ್ಮೆ ಹೀಗೆ ಮಾಡಿ ನೋಡಬೇಕು.

ನನ್ನ ಮಟ್ಟಿಗೆ ಈ ಹಣ್ಣಿನ ದೊಡ್ಡ ಉಪಕಾರ ಅದರ ಹುಳಿಯಲ್ಲಿದೆ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದ ಒಳಗೆ ಉಪ್ಪು ಸಾಕೆನ್ನುತ್ತಾರೆ. ಉಪ್ಪುಸಾರು, ಉಪ್ಪಿನಕಾಯಿ, ಹಪ್ಪಳಗಳ ನಮ್ಮ ಊಟದಲ್ಲಿ ಆ ಮಿತಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ನಾಲಿಗೆಗೆ ಹುಳಿ ಸಿಕ್ಕಾಗ ಉಪ್ಪಿನ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಹೆಸರುಬೇಳೆ ಕೋಸಂಬರಿಗೆ ನಿಂಬೆರಸದ ಬದಲು ಒಂದು ಹಣ್ಣಿನ ತಿರುಳನ್ನು ಬೀಜಸಹಿತ ಹಾಕಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಸೇರಿಸಿ, ಉಪ್ಪನ್ನು ಅರ್ಧಕ್ಕೆ ಇಳಿಸಿ ನೋಡಿ. ಸೌತೆಕಾಯಿ ಹೋಳು, ಮೊಳಕೆ ಹುರುಳಿಗೂ ಇದು ಹೊಂದುತ್ತದೆ. ಇದನ್ನೇ ಊಟದ ಉಪ್ಪಿನಕಾಯಿಯ ಜಾಗಕ್ಕೆ ತಂದರೆ, ಹಣ್ಣಿನ ಪೊಟ್ಯಾಸಿಯಂ ಕೊಡುವುದಕ್ಕಿಂತ ಹೆಚ್ಚಿನ ನೆರವು ಬಿಟ್ಟ ಉಪ್ಪಿನಿಂದ ರಕ್ತದೊತ್ತಡಕ್ಕೆ ಸಿಗುತ್ತದೆ.

ಬೇಸಿಗೆಯಲ್ಲಿ ಪಾನಕ ಬೇಕೇ ಬೇಕೆಂದರೆ, ತಿರುಳನ್ನು ತಣ್ಣೀರಿಗೆ ಹಾಕಿ ಮಜ್ಜಿಗೆ ಕಡೆಗೋಲಿನಲ್ಲಿ ನಾಲ್ಕು ಸುತ್ತು ಕಡೆದು, ಸೋಸದೆ ಕುಡಿಯಿರಿ. ಮಿಕ್ಸಿಗೆ ಹಾಕುವವರು ಒಂದೆರಡು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು, ಬೀಜ ಒಡೆದರೆ ಒಗರು ಬರುತ್ತದೆ. ಅಂಗಡಿಯ ಸ್ಕ್ವಾಷ್ ಬಾಟಲಿಗಳು ಸಕ್ಕರೆ ಪಾಕಕ್ಕೆ ಹಣ್ಣಿನ ಪರಿಮಳ ಸೇರಿಸಿದಂತೆ ಇರುವುದರಿಂದ ಅವನ್ನು ಹೃದಯದ ಹೆಸರಿನಲ್ಲಿ ಕೊಳ್ಳಬೇಕಾಗಿಲ್ಲ.

ದಿನಕ್ಕೆ ಎರಡು ಅಥವಾ ಮೂರು ಹಣ್ಣು ಸಾಕು. ಒಂದು ಸಾಧಾರಣ ನೇರಳೆ ಹಣ್ಣಿನಲ್ಲಿ 18–20 ಗ್ರಾಂ ತಿರುಳು ಸಿಗುವುದರಿಂದ ಮೂರು ಹಣ್ಣುಗಳಿಂದ ಐದಾರು ಗ್ರಾಂ ನಾರು ಒದಗುತ್ತದೆ. ನಾರಿನ ಆಹಾರದ ರೂಢಿಯಿಲ್ಲದವರು ಒಂದರಿಂದ ಆರಂಭಿಸಿ, ನೀರನ್ನು ಹೆಚ್ಚು ಕುಡಿಯಬೇಕು. ಇಲ್ಲದಿದ್ದರೆ ಹೊಟ್ಟೆಯುಬ್ಬರ ತಪ್ಪದು.

ಎಚ್ಚರ ವಹಿಸಬೇಕಾದವರೂ ಇದ್ದಾರೆ. ಮೂತ್ರಪಿಂಡದ ಕಾಯಿಲೆಯಿರುವವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆಗಳು ಪೊಟ್ಯಾಸಿಯಮನ್ನು ದೇಹದಲ್ಲಿ ಉಳಿಸುತ್ತವೆಯಾದ್ದರಿಂದ, ಅವನ್ನು ನುಂಗುವವರು ಯಾವುದೇ ಹಣ್ಣನ್ನು ದಿನವೂ ಹೆಚ್ಚಾಗಿ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ರಬ್ಬರ್ ಕೈಗವಸಿನಿಂದ ತುರಿಕೆ ಬರುವವರಿಗೆ ಈ ಹಣ್ಣೂ ಒಗ್ಗದಿರಬಹುದು. ಬಲಿಯದ ಹಸಿರು ಕಾಯಿಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿರುವುದರಿಂದ ಅದನ್ನು ಚಟ್ನಿ, ಉಪ್ಪಿನಕಾಯಿಗಳಿಗೆ ಬಳಸಬಾರದು. ನೇರಳೆ ಸಿಪ್ಪೆಯ ಸಾರದ ಮೇಲೆ ರಕ್ತದೊತ್ತಡದ ಸಂಶೋಧನೆಗಳು ನಡೆದಿವೆಯಾದರೂ ಅವು ಸಣ್ಣವು. ಅವುಗಳನ್ನು ತೋರಿಸಿ ಮಾರುವ ಕ್ಯಾಪ್ಸೂಲುಗಳಿಗಾಗಿ ವೈದ್ಯರು ಬರೆದ ಮಾತ್ರೆ ಬಿಡುವುದು ತಪ್ಪು. ಎದೆನೋವು, ಎಡತೋಳಿಗೆ ಇಳಿಯುವ ಸೆಳೆತ, ತಣ್ಣನೆ ಬೆವರು ಕಾಣಿಸಿಕೊಂಡಾಗ ಮಾಡಬೇಕಾದದ್ದು 108ಕ್ಕೆ ಕರೆ, ಶರಬತ್ತಲ್ಲ.

ಹಿತ್ತಲಿದ್ದವರು ಬಳ್ಳಿಯನ್ನೇ ಬೆಳೆಸಿಕೊಳ್ಳಬಹುದು. ದ್ರಾಕ್ಷಿಯ ಕಲ್ಲುಕಂಬ, ತಂತಿಯ ಚಪ್ಪರ ಉಳಿದಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ನೇರಳೆ ಜಾತಿಗೆ ತಂಪು ಬೇಕು, ಹಳದಿ ಜಾತಿ ಬಯಲಿನ ಬಿಸಿಲನ್ನು ಹೆಚ್ಚು ತಾಳುತ್ತದೆ. ಇವೆರಡನ್ನೂ ಕೂಡಿಸಿ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ರೂಪಿಸಿದ ತಳಿ ಕಾವೇರಿ. ಕಾಯಿಯನ್ನು ಬಳ್ಳಿಯಿಂದ ಕೀಳುವ ಅವಸರ ಬೇಡ. ಮಾಗಿದ್ದು ತಾನಾಗಿ ಉದುರುತ್ತದೆ, ಬೆಳಿಗ್ಗೆ ಚಪ್ಪರದ ಕೆಳಗೆ ಆಯ್ದುಕೊಂಡರಾಯಿತು.