ಹತ್ತು ಪದರದ ಗ್ಯಾಡೋಲಿನಿಯಂ ನಾವು ಹೆಂಗ ಬೆಳಸ್ತಿದ್ವಿ

ವಿಜಯಪುರದಾಗ ಎಂಎಸ್ಸಿ ಹುಡುಗ್ರಿಗೆ ಮ್ಯಾಗ್ನೆಟಿಸಂ ಹೇಳುವಾಗ ನಾ ಮೊದಲ ಕೈಗೆ ಕೊಡೋದು ಗ್ಯಾಡೋಲಿನಿಯಂ ಅನ್ನೋ ರೇರ್ ಅರ್ಥ್ ಲೋಹದ ಒಂದು ತುಂಡು. ಅದರ ಕ್ಯೂರಿ ಟೆಂಪರೇಚರ್ (ಇದರ ಮ್ಯಾಲೆ ಹೋದ್ರ ಲೋಹ ಫೆರೋಮ್ಯಾಗ್ನೆಟ್ ಆಗಿ ಉಳಿಯಂಗಿಲ್ಲ) 293 ಕೆಲ್ವಿನ್, ಅಂದ್ರ 20 ಡಿಗ್ರಿ ಸೆಲ್ಸಿಯಸ್, ಹಿಂಗಾಗಿ ನಮ್ಮೂರ ಡಿಸೆಂಬರ್ ನಸುಕಿನ್ಯಾಗ ಅದು ಫೆರೋಮ್ಯಾಗ್ನೆಟ್, ಏಪ್ರಿಲ್ ಮಧ್ಯಾಹ್ನ ಅಲ್ಲ. ಐಸ್ ನೀರಾಗ ಅದ್ದಿ ತಗದ್ರ ಸಾದಾ ಫೆರೈಟ್ ಮ್ಯಾಗ್ನೆಟ್ಟಿಗೂ ಟಕ್ ಅಂತ ಹತ್ಕೋತದ, ಬೆಚ್ಚಗಾಗ್ತಿದ್ದಂಗ ಬಿಟ್ಟು ಬೀಳ್ತದ. ನಿಯೋಡಿಮಿಯಂ ಮ್ಯಾಗ್ನೆಟ್ ಮಾತ್ರ ತಗೋಬ್ಯಾಡ್ರಿ, ಅದು ಭಾಳ ಸ್ಟ್ರಾಂಗ್, ಗ್ಯಾಡೋಲಿನಿಯಂ ಪ್ಯಾರಾಮ್ಯಾಗ್ನೆಟ್ ಆದಮ್ಯಾಲೂ, ಅಂದ್ರ ಒಳಗಿನ ಪರಮಾಣು ಮ್ಯಾಗ್ನೆಟ್‌ಗಳ ಕ್ರಮ ತಪ್ಪಿದಮ್ಯಾಲೂ, ಎಳೀತದ, ಫರಕ ಕಾಣಂಗಿಲ್ಲ.

ಇದನ್ನ ನೋಡಿ ಒಬ್ಬಾಕಿ ಕೇಳಿದ್ಲು, "ಸರ, ಇದನ್ನ ತೆಳ್ಳಗ ಮಾಡ್ಕೋತ ಹೋದ್ರ ಈ 293 ಹಂಗ ಇರ್ತದೇನ್ರಿ?" ಇರಂಗಿಲ್ಲ. ನನ್ನ ಪಿಎಚ್‌ಡಿ ಬಹಳಷ್ಟು ಇದ ಪ್ರಶ್ನೆ ಮ್ಯಾಲೆ ಹೋಗೇದ, ಅದಕ್ಕ ಸ್ವಲ್ಪ ಬಿಡಿಸಿ ಬರೀತೀನಿ. ಹುಡುಗ್ರು ಪೇಪರ್ ಓದುವಾಗ ಗ್ರಾಫ್ ನೋಡ್ತಾರ, ಫಿಲ್ಮ್, ಅಂದ್ರ ಲೋಹದ ತೆಳು ಪದರ, ಹೆಂಗ ಬೆಳಸ್ಯಾರ ಅನ್ನೋ ಪ್ಯಾರಾ ದಾಟಿ ಹೋಗ್ತಾರ. ರೇರ್ ಅರ್ಥ್ ಫಿಲ್ಮಿನಾಗ ಆ ಪ್ಯಾರಾ ಓದದ ಗ್ರಾಫ್ ತಿಳಿಯಂಗಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ತಳ, ಫಿಲ್ಮ್ ಬೆಳಸೋದು ಇದರ ಮ್ಯಾಲೆ. ನಾವು ಬಳಸ್ತಿದ್ದದ್ದು ಟಂಗ್‌ಸ್ಟನ್ ಸಿಂಗಲ್ ಕ್ರಿಸ್ಟಲ್, 110 ಮುಖ. ಗ್ಯಾಡೋಲಿನಿಯಂ ಇದರ ಜೋಡಿ ಬೆರಿಯಂಗಿಲ್ಲ, ಕೆಲಸ ಮುಗದಮ್ಯಾಲೆ ಜೋರ್ ಕಾಸಿದ್ರ ಪೂರಾ ಹಾರಿ ಹೋಗ್ತದ, ಅದ ಕ್ರಿಸ್ಟಲ್ ವರ್ಷಾನುಗಟ್ಟಲೆ ನಡೀತದ. ಆದ್ರ ಟಂಗ್‌ಸ್ಟನ್ನಿನ ಹೊಟ್ಯಾಗ ಕಾರ್ಬನ್ ಇರ್ತದ, ಕಾಸಿದಾಗೆಲ್ಲ ಮ್ಯಾಲೆ ಬಂದು ಕೂಡ್ತದ. ಅದಕ್ಕ ಚೇಂಬರಿಗೆ ಚೂರೇ ಚೂರು ಆಕ್ಸಿಜನ್ ಬಿಟ್ಟು, 10⁻⁷ ಮಿಲಿಬಾರ್ ಆಸುಪಾಸು, ಕ್ರಿಸ್ಟಲ್ 1500 ಕೆಲ್ವಿನ್ ಹತ್ರ ಇಡ್ತಿದ್ವಿ, ಕಾರ್ಬನ್ ಸುಟ್ಟು ಕಾರ್ಬನ್ ಮೊನಾಕ್ಸೈಡ್ ಆಗಿ ಹೋಗ್ತಿತ್ತು, ಆಮ್ಯಾಲೆ ಆಕ್ಸಿಜನ್ ಬಂದ್ ಮಾಡಿ ಕೆಲವು ಸೆಕೆಂಡು 2200 ಕೆಲ್ವಿನ್ ದಾಟಿಸಿ ಫ್ಲ್ಯಾಶ್, ಅದು ಆಕ್ಸೈಡ್ ತಗೀಲಿಕ್ಕೆ. ಇದನ್ನ ಮತ್ತ ಮತ್ತ ಮಾಡಬೇಕು. ಆಜೆ (Auger) ಸ್ಪೆಕ್ಟ್ರಮಿನಾಗ, ಅಂದ್ರ ಮೇಲ್ಮೈ ಮ್ಯಾಲೆ ಯಾವ ಧಾತು ಅದಾವ ಅಂತ ತೋರಿಸೋ ಅಳತಿಯೊಳಗ, 272 ಎಲೆಕ್ಟ್ರಾನ್ ವೋಲ್ಟಿನ ಕಾರ್ಬನ್ ಪೀಕ್, 503ರ ಆಕ್ಸಿಜನ್ ಪೀಕ್ ಎರಡೂ ನಾಯ್ಸಿನಾಗ ಮುಳುಗೋತನಕ.

ಆಮ್ಯಾಲೆ ವ್ಯಾಕ್ಯೂಮ್. 10⁻⁶ ಟಾರ್ ಒತ್ತಡದಾಗ ಹೆಚ್ಚುಕಡಿಮಿ ಒಂದ ಸೆಕೆಂಡಿಗೆ ಮೇಲ್ಮೈ ಮ್ಯಾಲೆ ಒಂದು ಪದರ ಗ್ಯಾಸ್ ಕೂಡೋವಷ್ಟು ಅಣು ಬಂದು ಬಡೀತಾವ. 10⁻¹⁰ಕ್ಕ ಇಳಿಸಿದ್ರ ಅದಕ್ಕ 10,000 ಸೆಕೆಂಡು ಬೇಕು, ಅಂದ್ರ ಮೂರು ತಾಸಿಗೂ ಕಮ್ಮಿ. ಗ್ಯಾಡೋಲಿನಿಯಂ ಬಂದದ್ದನ್ನೆಲ್ಲ ಹಿಡ್ಕೊಳ್ಳೋ ಲೋಹ, ಹೈಡ್ರೋಜನ್ ಇರಲಿ ಆಕ್ಸಿಜನ್ ಇರಲಿ ಬಿಡಂಗಿಲ್ಲ, ಹಿಂಗಾಗಿ ಬೆಳಸೋದು, ಕಾಸೋದು, ಅಳಿಯೋದು ಎಲ್ಲಾ ಆ ಟೈಮಿನ ಒಳಗ ಆಗಬೇಕು, 10⁻¹¹ ಸಿಕ್ಕ್ರ ಅಷ್ಟು ಆರಾಮ. ಫಿಲ್ಮನ್ನ ಹೊರಗ ತಗದು ಅಳಿಯೋ ಮಾತ ಇಲ್ಲ.

ಬ್ಯಾರೆಯವರು ಕಮ್ಮಿ ಬರಿಯೋದು ಸೋರ್ಸ್, ಅಂದ್ರ ಕಾಸಿ ಆವಿ ಮಾಡೋ ಗ್ಯಾಡೋಲಿನಿಯಂ ಬಗ್ಗೆ. ಕೊಂಡ ಗ್ಯಾಡೋಲಿನಿಯಂ ಎಷ್ಟ ಶುದ್ಧ ಅಂತ ಲೇಬಲ್ ಹೇಳಿದ್ರೂ ಒಳಗ ಹೈಡ್ರೋಜನ್ ತುಂಬ್ಕೊಂಡಿರ್ತದ. ಟಂಗ್‌ಸ್ಟನ್ ಕ್ರೂಸಿಬಲ್ಲಿನ್ಯಾಗ ಇಟ್ಟು ಎಲೆಕ್ಟ್ರಾನ್ ಬೀಮಿನಿಂದ ಸಾವಕಾಶ ಕಾಸ್ತಿದ್ವಿ, ಕರೆಂಟ್ ಚೂರು ಏರಿಸಿದ್ರ ಸಾಕು ಗೇಜ್ 10⁻⁸ಕ್ಕ ಜಿಗೀತಿತ್ತು, ಅದು ಇಳಿಯೋತನಕ ಕಾಯೋದು, ಇಳಿದಮ್ಯಾಲೆ ಮತ್ತ ಚೂರು ಏರಿಸೋದು, ದಿನಗಟ್ಟಲೆ ಇದ ಕೆಲಸ. ಸೋರ್ಸ್ ಪೂರಾ ಕಾವಿನ್ಯಾಗ ಇದ್ದಾಗೂ ಒತ್ತಡ 5×10⁻¹⁰ ದಾಟಲಿಲ್ಲ ಅಂದ್ರ ಮಾತ್ರ ಶಟರ್ ತಗೀತಿದ್ವಿ. ನಿಮಿಷಕ್ಕ ಒಂದೆರಡು ಆಂಗ್‌ಸ್ಟ್ರಾಮ್ ಸ್ಪೀಡು, ಪರಮಾಣುಗಳ ಒಂದು ಪದರ 2.89 ಆಂಗ್‌ಸ್ಟ್ರಾಮ್, ದಪ್ಪ ತೋರಿಸೋ ಕ್ವಾರ್ಟ್ಜ್ ಮೈಕ್ರೋಬ್ಯಾಲೆನ್ಸ್ ನೋಡ್ಕೋತ ಹತ್ತು ಪದರ.

ಈಗ ಮುಖ್ಯ ವಿಷಯ. ರೂಮ್ ಟೆಂಪರೇಚರಿನಾಗ ಹಾಕಿದ ಫಿಲ್ಮ್ ಒರಟು ಇರ್ತದ, ಲೀಡ್ (LEED, ಎಲೆಕ್ಟ್ರಾನ್ ಬಡಿಸಿ ಮೇಲ್ಮೈಯ ಪರಮಾಣು ಜೋಡಣಿ ನೋಡೋ ಉಪಕರಣ) ಸ್ಕ್ರೀನಿನ ಮ್ಯಾಲೆ ಷಟ್ಕೋನದ ಆರು ಚುಕ್ಕಿ ಮಬ್ಬು ಮಬ್ಬು ಕಾಣ್ತಾವ. 700–800 ಕೆಲ್ವಿನ್‌ಗೆ ಅನೀಲ್ ಮಾಡಿದ್ರ, ಅಂದ್ರ ಬೆಳಸಿದಮ್ಯಾಲೆ ಕಾಸಿದ್ರ, ದಪ್ಪ ಫಿಲ್ಮ್ ನುಣ್ಣಗಾಗ್ತದ, ಚುಕ್ಕಿ ಸೂಜಿ ಮೊನಿಯಂಗ ಆಗ್ತಾವ. ಆದ್ರ ತೆಳ್ಳನ ಫಿಲ್ಮಿಗೆ ಅಷ್ಟ ಕಾವು ಕೊಟ್ರ ಅದು ಒಡದು ದ್ವೀಪ ಆಗ್ತದ, ತಳಕ್ಕ ಒಂದ ಪದರ ಉಳದು ಮಿಕ್ಕದ್ದೆಲ್ಲ ಗುಡ್ಡಿ. ತೊಂದ್ರಿ ಏನಂದ್ರ ಆವಾಗೂ ಲೀಡ್ ಚುಕ್ಕಿ ಚಂದ ಕಾಣ್ತಾವ, ಯಾಕಂದ್ರ ದ್ವೀಪನೂ ಒಳ್ಳೆ ಕ್ರಿಸ್ಟಲ್ಲ. ಅದಕ್ಕ ಲೀಡ್ ಒಂದನ್ನ ನಂಬದ ಆಜೆಯೊಳಗ ಟಂಗ್‌ಸ್ಟನ್ ಸಿಗ್ನಲ್ ನೋಡಬೇಕು. ಅನೀಲ್ ಆದಮ್ಯಾಲೆ ಅದು ಏರಿದ್ರ ಫಿಲ್ಮ್ ಒಡದದ ಅಂತ ತಿಳೀರಿ.

ಮ್ಯಾಗ್ನೆಟಿಸಂ ಅಳಿಯೋದಕ್ಕ ಕೆರ್ ಎಫೆಕ್ಟ್ (ಮ್ಯಾಗ್ನೆಟ್ಟಿಗೆ ಬಡದು ಬಂದ ಬೆಳಕಿನ ಪೋಲರೈಸೇಷನ್ ಬದಲಾಗೋದು) ಸೆಟಪ್ ಇತ್ತು, ಲೇಸರ್ ಕಿಟಕಿಯಿಂದ ಒಳಗ ಹೋಗಿ ಫಿಲ್ಮಿಗೆ ಬಡದು ಹೊರಗ ಬರ್ತದ, ಸಣ್ಣ ಎಸಿ ಫೀಲ್ಡ್ ಕೊಟ್ಟು ಲಾಕ್-ಇನ್ ಆಂಪ್ಲಿಫೈಯರಿನಿಂದ ಸಸೆಪ್ಟಿಬಿಲಿಟಿ, ಅಂದ್ರ ಫೀಲ್ಡಿಗೆ ಫಿಲ್ಮ್ ಎಷ್ಟು ಸ್ಪಂದಿಸ್ತದ ಅನ್ನೋದು, ತಗೀತಿದ್ವಿ. ಲಿಕ್ವಿಡ್ ನೈಟ್ರೋಜನ್ನಿಂದ ತಣ್ಣಗ ಮಾಡಿ ಸಾವಕಾಶ ಕಾವು ಏರಿಸಿದ್ರ ಕ್ಯೂರಿ ಟೆಂಪರೇಚರ್ ಹತ್ರ ಪೀಕ್ ಬರ್ತದ. ಹತ್ತು ಪದರದ ಸಪಾಟ ಫಿಲ್ಮಿಗೆ ಆ ಪೀಕ್ 293ಕ್ಕಿಂತ ಸಾಕಷ್ಟು ಕೆಳಗ. ಕಾರಣ ನೆರೆಹೊರೆ. ಗ್ಯಾಡೋಲಿನಿಯಂ ಪರಮಾಣುವಿನ ಏಳು 4ಎಫ್ ಎಲೆಕ್ಟ್ರಾನ್ ಒಳಗ ಕುಂತಿರ್ತಾವ, ಬಾಜೂ ಪರಮಾಣುವನ್ನ ಮುಟ್ಟಂಗಿಲ್ಲ, ಸುದ್ದಿ ಒಯ್ಯೋದು ಕಂಡಕ್ಷನ್ ಎಲೆಕ್ಟ್ರಾನ್. ಒಳಗಿನ ಪರಮಾಣುವಿಗೆ ಹತ್ರದ ನೆರೆಯವರು 12, ಮೇಲ್ಮೈಯಾಗ 9, ಒಂದ ಪದರ ಇದ್ರ 6. ಫಿಲ್ಮ್ ತೆಳ್ಳಗಾದಷ್ಟು ಕಮ್ಮಿ ನೆರೆಯವರ ಪಾಲು ಹೆಚ್ಚು, ಹಿಂಗಾಗಿ ಕಮ್ಮಿ ಕಾವಿಗೇ ಮ್ಯಾಗ್ನೆಟಿಕ್ ಕ್ರಮ ತಪ್ತದ.

ಅದ ಹತ್ತು ಪದರದ ಫಿಲ್ಮನ್ನ ಜಾಸ್ತಿ ಕಾಸಿ ದ್ವೀಪ ಮಾಡಿ ಅಳದ್ರ ಪೀಕ್ ಮ್ಯಾಲೆ ಸರೀತದ, ದಪ್ಪ ಗುಡ್ಡಿ ದಪ್ಪ ಲೋಹದಂಗ ನಡ್ಕೋತದ. ಅಷ್ಟ ಗ್ಯಾಡೋಲಿನಿಯಂ, ಅದ ಕ್ರಿಸ್ಟಲ್, ಎರಡು ಉತ್ತರ. ಬೆಳಸೋ ರೀತಿ ಮ್ಯಾಲೆ ಕ್ಯೂರಿ ಟೆಂಪರೇಚರ್ ಹೆಂಗ ಬದಲಾಗ್ತದ ಅಂತ ಬರ್ಲಿನ್ನಿನ ಗ್ರೂಪ್ 1993ರಾಗ ವ್ಯವಸ್ಥಿತವಾಗಿ ತೋರಿಸ್ಯಾರ, ನಾವು ಆ ಪೇಪರ್ ಚೇಂಬರ್ ಪಕ್ಕದಾಗ ಇಟ್ಕೊಂಡ ಕೆಲಸ ಮಾಡ್ತಿದ್ವಿ. 1985ರಾಗ ಗ್ಯಾಡೋಲಿನಿಯಂ ಮೇಲ್ಮೈ ಒಳಗಿನ ಲೋಹಕ್ಕಿಂತ 20 ಡಿಗ್ರಿ ಮ್ಯಾಲೂ ಮ್ಯಾಗ್ನೆಟಿಕ್ ಇರ್ತದ ಅಂತ ವರದಿ ಬಂತು, ದೊಡ್ಡ ಚರ್ಚೆ ಆತು, ಮುಂದ ಶುದ್ಧ ಫಿಲ್ಮ್ ಮ್ಯಾಲಿನ ಅಳತಿಯೊಳಗ ಮೇಲ್ಮೈ, ಒಳಗಿನ ಭಾಗ ಎರಡೂ ಒಂದ ಟೆಂಪರೇಚರಿಗೆ ಕ್ರಮ ಕಳ್ಕೋತಾವ ಅಂತ ಬಂತು.

ಮೊದಲು ಪ್ರಶ್ನೆ ಕೇಳಿದ ಆ ಹುಡುಗಿ ಆಮ್ಯಾಲೆ ಹೋಲ್ಮಿಯಂ ಅನ್ನೋ ಇನ್ನೊಂದು ರೇರ್ ಅರ್ಥ್ ಲೋಹದ ಬಗ್ಗೆನೂ ಕೇಳಿದ್ಲು. ಅದು ಬ್ಯಾರೆ ಲೋಕ, 132 ಕೆಲ್ವಿನ್ ಕೆಳಗ ಪದರದಿಂದ ಪದರಕ್ಕ ಸ್ಪಿನ್, ಅಂದ್ರ ಪರಮಾಣು ಮ್ಯಾಗ್ನೆಟ್ಟಿನ ದಿಕ್ಕು, ತಿರುಗ್ಕೋತ ಹೋಗ್ತದ, ಕಮ್ಮಿ ಕಾವಿನ್ಯಾಗ ಒಂದು ಸುತ್ತಿಗೆ 12 ಪದರ. ಫಿಲ್ಮ ಹತ್ತ ಪದರದ್ದಾದ್ರ ಒಂದು ಸುತ್ತೂ ಪೂರ್ತಿ ಆಗಂಗಿಲ್ಲ. ಒಟ್ಟು ಮ್ಯಾಗ್ನೆಟೈಸೇಷನ್ ಸೊನ್ನಿ ಹತ್ರ ಇರೋದ್ರಿಂದ ನಮ್ಮ ಕೆರ್ ಸೆಟಪ್ಪಿಗೆ ಅದು ಸಿಗಂಗಿಲ್ಲ, ಸಿಂಕ್ರೋಟ್ರಾನ್ ಎಕ್ಸ್-ರೇ ಡಿಫ್ರ್ಯಾಕ್ಷನ್ ಬೇಕು. ಆಕಿಗೆ ಅದರ ಪೇಪರ್ ಕೊಟ್ಟೀನಿ, ಮೊದಲು ಫಿಲ್ಮ್ ಬೆಳಸಿದ ಪ್ಯಾರಾ ಓದಿ ಬಾ ಅಂದೀನಿ.